ಲಂಟಾನದ ತಂಗಿ

ಮೇಷ್ಟ್ರಾದವನು ಸಂಜೆ ಮನೆಗೆ ಹೊರಡುವಾಗ ಪಾಠವನ್ನು ಶಾಲೆಯಲ್ಲೇ ಬಿಟ್ಟು ಬರಬೇಕು. ನಾನು ಕೊಡೆಯನ್ನು, ಕನ್ನಡಕವನ್ನು ಎಷ್ಟೋ ಸಲ ಅಲ್ಲಿ ಮರೆತಿದ್ದೇನೆ. ಪಾಠವನ್ನು ಮಾತ್ರ ಒಂದು ದಿನವೂ ಮರೆತವನಲ್ಲ. ಕಲಿಸುವುದು ಸಸ್ಯಶಾಸ್ತ್ರ. ಹೆಂಡತಿ ಸಾರಿಗೆ ಕೊತ್ತಂಬರಿ ಹಾಕಿದರೂ ಎಲೆಯ ಅಂಚಿನ ವಿಚಾರ ತೆಗೆಯುತ್ತೇನೆ. ಆಕೆ ಸಹಿಸಿಕೊಂಡಿದ್ದಾಳೆ. ನೆರೆಮನೆಯವರು ಏಕೆ ಸಹಿಸಬೇಕು?

ಕದ್ರಿಯಲ್ಲಿ ನಮ್ಮ ಪಕ್ಕದ ಮನೆ ಸಂಜೀವಣ್ಣನದು. ಹೆಂಡತಿ ತೀರಿಕೊಂಡ ಮೇಲೆ ಅವರು ಜಗಲಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಳಿಯ ಕೊಡಗಿನ ಕಾಫಿ ತೋಟವೊಂದರಲ್ಲಿ ಗುಮಾಸ್ತ. ಮಗಳು ಸುಮತಿ ಅಲ್ಲಿಯ ದೊರೆಯ ಬಂಗಲೆಯಿಂದ ನೇರಳೆ ಹೂವಿನ ಗಿಡವೊಂದನ್ನು ಕೇಳಿ ತಂದು ಅಪ್ಪನ ಅಂಗಳದಲ್ಲಿ ನೆಟ್ಟುಹೋದಳು. "ನೀರು ಹಾಕ್ಲಿಕ್ಕಾದ್ರೂ ಅಪ್ಪ ಕೆಳಗೆ ಇಳೀಲಿ" ಎಂದು ನನ್ನ ಹೆಂಡತಿಯೊಡನೆ ಹೇಳಿದ್ದಳಂತೆ. ಸಂಜೀವಣ್ಣ ಇಳಿದರು. ಗಿಡ ಹರಡಿ ಹೂಬಿಟ್ಟಿತು. ಎರಡು ಮನೆಗಳ ನಡುವಿನ ಗೋಡೆ, ಆ ಪಾಗಾರದ ಆಚೆಯಿಂದ ಅವರ ನಗುವೂ ಕೇಳತೊಡಗಿತು.

ಒಂದು ಸಂಜೆ ನನ್ನನ್ನು ಕರೆದು, "ಇದರ ಹೆಸರೆಂತ ಮಾಷ್ಟ್ರೇ?" ಎಂದರು.

"ಲಂಟಾನ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಗುಡ್ಡದ ದಾರಿಯನ್ನೆಲ್ಲ ನುಂಗಿದ್ದ ಕಾಡು ಲಂಟಾನದ ಕೊಂಬೆಯೊಂದನ್ನು ಮುರಿದು ತಂದೆ. ಮೊದಲು ಸಾಮ್ಯ, ಆಮೇಲೆ ಭೇದ ಎಂಬುದು ನನ್ನ ಪಾಠದ ಕ್ರಮ. "ನೋಡಿ, ಎರಡಕ್ಕೂ ಎಲೆ ಜೋಡಿ ಜೋಡಿ. ಎರಡೂ ದೊರಗು. ಉಜ್ಜಿದರೆ ಒಂದೇ ತರದ ವಾಸನೆ. ಹೂವೂ ಗೊಂಚಲು. ಅಕ್ಕತಂಗಿಯರು!"

"ನಮ್ಮ ಊರಿನ ಗುಡ್ಡೆ ಹಾಳು ಮಾಡಿದ ಮುಳ್ಳುಗಿಡ ಇದೇಯಾ ಮಾರಾಯ್ರೇ?" ಅವರ ಮುಖ ಸಣ್ಣದಾಯಿತು.

ಭೇದಕ್ಕೆ ಬರುವಷ್ಟರಲ್ಲಿ ಹೆಂಡತಿ ಕಾಫಿಗೆ ಕರೆದಳು. ಗಂಟೆ ಹೊಡೆದ ತರಗತಿಯಲ್ಲಿ ಹೇಳುವಂತೆ "ಉಳಿದದ್ದು ನಾಳೆ" ಎಂದು ಎದ್ದುಬಂದೆ.

ಮರುದಿನ ಗಿಡ ಬೇರುಸಹಿತ ಪಾಗಾರದ ಮೂಲೆಯಲ್ಲಿ ಬಾಡಿ ಬಿದ್ದಿತ್ತು. ಸಂಜೀವಣ್ಣ ಮತ್ತೆ ಜಗಲಿಯ ಕುರ್ಚಿಯಲ್ಲಿದ್ದರು. ಗಿಡದ ಒಂದೆರಡು ತುಂಡುಗಳನ್ನು ನಾನೇ ನೆಟ್ಟು ನೋಡಿದೆ, ಬದುಕಲಿಲ್ಲ.

ಸುಮತಿ ಮುಂದಿನ ಸಲ ಬಂದವಳು ಮೊದಲು ಕೇಳಿದ್ದೇ, "ಅಪ್ಪಾ, ಗಿಡ ಎಲ್ಲಿ?"

"ಅದು ಕಾಡು ಲಂಟಾನ ಅಂತೆ ಮಗಾ. ಮಾಷ್ಟ್ರು ಹೇಳಿದ್ರು."

ಅವಳು ಪಾಗಾರದ ಈಚೆ ನಿಂತಿದ್ದ ನನ್ನ ಕಡೆ ತಿರುಗಿದಳು. ಬಾಕಿಯಿದ್ದ ಪಾಠವನ್ನು ಆಗ ಮುಗಿಸಿದೆ. ಕಾಡಿನದ್ದರ ಕಾಂಡದಲ್ಲಿ ಕೊಕ್ಕೆಯಂಥ ಮುಳ್ಳು, ಸುಮತಿ ತಂದದ್ದರಲ್ಲಿ ಮುಳ್ಳೇ ಇಲ್ಲ. ಅದು ಎದ್ದು ಪೊದೆಯಾಗುತ್ತದೆ, ಇದು ನೆಲ ಹಿಡಿದು ಹರಿಯುತ್ತದೆ. ಅದರ ಒಂದೇ ಗೊಂಚಲಿನಲ್ಲಿ ಹಳದಿ, ಕೆಂಪು ಎರಡೂ ಉಂಟು. ಇದು ಬರೀ ನೇರಳೆ.

ಸಂಜೀವಣ್ಣ ತಮ್ಮ ಅಂಗೈ ನೋಡಿಕೊಂಡರು. "ಹೌದು, ಮುಳ್ಳಿರಲಿಲ್ಲ. ಕೀಳುವಾಗ ಕೈಗೆ ಎಂತದೂ ತಾಗಲಿಲ್ಲ" ಎಂದರು ಮೆಲ್ಲಗೆ.

ಸುಮತಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. "ಇನ್ನೊಂದು ತರ್ತೇನೆ. ನೀವು ಮಾತ್ರ ಅದರ ನೆಂಟರ ಸುದ್ದಿ ತೆಗೀಬೇಡಿ ಮಾಷ್ಟ್ರೇ" ಎಂದು ನಕ್ಕಳು. ಆದರೆ ಅಳಿಯನಿಗೆ ಬೇರೆ ತೋಟದಲ್ಲಿ ಕೆಲಸವಾಯಿತು. ಅಲ್ಲಿಯ ದೊರೆಗೆ ಹೂಗಿಡಗಳ ಹುಚ್ಚಿರಲಿಲ್ಲ.

ಈಗ ನಾನು ತರಗತಿಯಲ್ಲಿ ಭೇದವನ್ನೇ ಮೊದಲು ಹೇಳುತ್ತೇನೆ. ಸಾಮ್ಯಕ್ಕೆ ಬರುವಷ್ಟರಲ್ಲಿ ಹುಡುಗರು ತೂಕಡಿಸುತ್ತಿರುತ್ತಾರೆ. ಎಬ್ಬಿಸುವುದಿಲ್ಲ, ಅಷ್ಟರಮಟ್ಟಿಗೆ ಯಾರದೋ ಅಂಗಳದ ಗಿಡ ಉಳಿಯಿತು ಎಂದುಕೊಳ್ಳುತ್ತೇನೆ.