ಅಪ್ಪನ ಹಾಡಿಗೆ ಎರಡು ಡಿಸ್ಕು

ಅಪೆನಿಸಾ ಮಾಡಿದ ತಪ್ಪು ಒಂದೇ. ಒಂದು ಡಿಸ್ಕ್ ಹಾಕುವ ಕಡೆ ಎರಡು ಹಾಕಿದ.

ಅವನ ಅಪ್ಪ ಆಸ್ಪತ್ರೆಯ ಮಂಚದ ಮೇಲೆ ಕೂತು ಹಾಡಿದ ಹಾಡು ಅವನ ಫೋನಿನಲ್ಲಿತ್ತು. ಅವನು ಚಹಾ ತರಲು ಹೋಗಿದ್ದಾಗ ನರ್ಸ್ ಚಿತ್ರ ಸಮೇತ ಹಿಡಿದದ್ದು. ಅಪ್ಪ ಹೋಗಿ ಮೂರು ತಿಂಗಳಾಗುವಷ್ಟರಲ್ಲಿ ಫೋನೂ ಹೋಗುವ ಲಕ್ಷಣ ತೋರಿಸಿತು. ಅಪೆನಿಸಾ ಗಾಬರಿಬಿದ್ದ. ತಾನು ಗುಮಾಸ್ತನಾಗಿದ್ದ ಫಿಜಿಯ ಲೌಟೋಕಾದ ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಕಂಪ್ಯೂಟರನ್ನು ಕೇಳಿ ತಂದು, ಎರಡು ಹಳೇ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಅಗ್ಗದಲ್ಲಿ ಮನೆಗೊಂದು ಸರ್ವರ್ ಮಾಡಿ ಹಾಡನ್ನು ಅದಕ್ಕೆ ತುಂಬಿದ. ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೂ ತಾನಾಗಿ ನಕಲಾಗುತ್ತಿತ್ತು. ಮಾರನೇ ದಿನವೇ ಫೋನು ಕಣ್ಣು ಮುಚ್ಚಿತು.

"ಹೋಗ್ಲಿ ಬಿಡು," ಎಂದು ಹೆಂಡತಿಯ ಮುಂದೆ ಬೀಗಿದ. "ಒಂದು ಡಿಸ್ಕ್ ಸತ್ರೂ ಇನ್ನೊಂದ್ರಲ್ಲಿ ಅಪ್ಪ ಇರ್ತಾರೆ."

ಅಪ್ಪ ತೀರಿಕೊಂಡ ನೂರನೇ ದಿನದ ಕಾರ್ಯ ಶನಿವಾರ ಬಂತು. ಊಟವಾದ ಮೇಲೆ ಟಿವಿಯಲ್ಲಿ ಹಾಡು ತೋರಿಸುತ್ತೇನೆಂದು ನೆಂಟರಿಗೆಲ್ಲ ಸಾರಿಬಿಟ್ಟಿದ್ದ. ಎಲ್ಲರಿಗಿಂತ ಮೊದಲು ಬಂದವನು ಸೋದರತ್ತೆಯ ಮಗ ವೈಸಾಲೆ, ಬಾಗಿಲಗಲದ ಆಳು.

"ಏನ್ ಭಾವ, ಈ ಡಬ್ಬದ ಹೊಟ್ಟೇಲಿ ಏನಿಟ್ಟಿದ್ದೀಯ?"

ಅಪೆನಿಸಾ ಹೆಮ್ಮೆಯಿಂದ ಮುಚ್ಚಳ ತೆಗೆದು ವಿವರಿಸಿದ. ತೆಗೆಯಬಾರದಿತ್ತು.

"ಅಂದ್ರೆ ಎರಡರಲ್ಲೂ ಇರೋದು ಒಂದೇನಾ?"

"ಒಂದಕ್ಷರ ವ್ಯತ್ಯಾಸ ಇಲ್ಲ!"

"ಹಂಗಾದ್ರೆ ಒಂದು ದಂಡಕ್ಕೆ ಕೂತಿದೆ. ಕೆರೆಕೆರೆ ಭಾವ, ಅದನ್ನ ನನಗೆ ಕೊಡು."

ಕೆರೆಕೆರೆ ಎಂದು ನೆಂಟನೊಬ್ಬ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎಂದವರು ಫಿಜಿಯಲ್ಲಿ ಉಂಟೇ? ಅದರಲ್ಲೂ ಇವನು ಅಪ್ಪನ ಸೋದರಳಿಯ. ಸೋದರಮಾವನ ಮನೆಯಲ್ಲಿ ಹಂದಿ ಕೇಳಲಿ, ದೋಣಿ ಕೇಳಲಿ, ಅದು ಅವನ ಹಕ್ಕು.

"ಅದು... ಒಂದು ಕೆಟ್ರೆ ಇನ್ನೊಂದು ಇರ್ಲಿ ಅಂತ..."

"ಕೆಟ್ಟಿಲ್ವಲ್ಲ? ಕೆಟ್ಟಾಗ ನೋಡೋಣ." ವೈಸಾಲೆ ಅಡುಗೆಮನೆಯ ಚಾಕುವಿನಲ್ಲೇ ಸ್ಕ್ರೂ ಬಿಚ್ಚಿ, ಡಿಸ್ಕನ್ನು ಜೇಬಿಗಿಳಿಸಿ ತನ್ನ ಮನೆಗೆ ನಡೆದ. ಮುಚ್ಚಳವನ್ನು ಗೋಡೆಗೆ ಒರಗಿಸಿ ಹೋಗಿದ್ದ.

ಹೆಂಡತಿ ಲಿತಿಯಾನಾ ಹಣೆ ಚಚ್ಚಿಕೊಂಡಳು. "ಎರಡಿದೆ ಅಂತ ಯಾಕ್ರೀ ಬಾಯಿಬಿಟ್ರಿ? ನಾನು ಎರಡನೇ ಇಸ್ತ್ರಿಪೆಟ್ಟಿಗೇನ ಮಂಚದ ಕೆಳಗೆ ಯಾಕೆ ಬಚ್ಚಿಟ್ಟಿದ್ದೀನಿ ಅಂದ್ಕೊಂಡ್ರಿ?"

"ಇನ್ನೊಂದು ಇದೆಯಲ್ಲೇ."

ಅದು ಇದ್ದದ್ದು ಇನ್ನು ಅರ್ಧ ಗಂಟೆ. ವೈಸಾಲೆಯ ತಾಯಿ ಮೆರೆವಾಲೆಸಿ ಅತ್ತೆ ತೆಂಗಿನಹಾಲಿನಲ್ಲಿ ಬೇಯಿಸಿದ ಮೀನಿನ ಪಾತ್ರೆ ಹೊತ್ತು ಬಂದರು. ಕೈ ಸುಡುತ್ತಿತ್ತು. ಹತ್ತಿರದಲ್ಲಿ ಕಂಡದ್ದು ಡಬ್ಬ.

"ಅತ್ತೆ, ಅಲ್ಲಿ ಬೇಡ!"

"ಯಾಕೋ? ಗಟ್ಟಿಯಾಗೇ ಇದೆ," ಎಂದು ಇಟ್ಟೇಬಿಟ್ಟರು. ಮುಚ್ಚಳವಿಲ್ಲದ ಡಬ್ಬದ ಮೇಲೆ ಪಾತ್ರೆ ವಾಲಿತು. ಮೀನು, ಹಾಲು, ಈರುಳ್ಳಿ ಎಲ್ಲ ಒಳಗೆ ಸುರಿಯಿತು. ಚಟ್ ಎಂದಿತು, ಹೊಗೆ ಬಂತು, ದೀಪ ಆರಿತು.

"ಅಯ್ಯೋ ನನ್ನ ಮೀನು!" ಎಂದರು ಅತ್ತೆ.

"ಅಯ್ಯೋ ನಮ್ಮಪ್ಪ!" ಎಂದ ಅಪೆನಿಸಾ.

ಅಷ್ಟು ಹೊತ್ತಿಗೆ ಅಂಗಳದಲ್ಲಿ ನೆಂಟರು ತುಂಬಿದ್ದರು. ಅಪೆನಿಸಾ ಬರಿಗಾಲಲ್ಲಿ ವೈಸಾಲೆಯ ಮನೆಗೆ ಓಡಿದ.

"ಕೆರೆಕೆರೆ ಕಣೋ, ಡಿಸ್ಕ್ ವಾಪಸ್ ಕೊಡು. ಹಾಡು ಉಳಿದಿರೋದು ಅದೊಂದ್ರಲ್ಲೇ. ಅಳಿಸಿಬಿಟ್ಯಾ?"

"ಅಳಿಸೋಣ ಅಂತಲೇ ಮಗಳ ಲ್ಯಾಪ್‌ಟಾಪಿಗೆ ಹಾಕ್ದೆ. ಆದ್ರೆ ಮಾವನ ಮುಖ ಕಂಡು ಪೂರ್ತಿ ನೋಡ್ಬಿಟ್ಟೆ. ಛೆ, ಅಳಿಸೋದುಂಟಾ! ನಡಿ, ನಾನೇ ತರ್ತೀನಿ."

ವೈಸಾಲೆ ಏನನ್ನಾದರೂ ಹಿಂದಕ್ಕೆ ಕೊಟ್ಟದ್ದನ್ನು ಅಪೆನಿಸಾ ಹುಟ್ಟಿದಾರಭ್ಯ ಕಂಡಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು.

ಊಟವಾಯಿತು. ವೈಸಾಲೆಯೇ ವೈರ್ ತಂದು ಡಿಸ್ಕನ್ನು ಟಿವಿಗೆ ಸಿಕ್ಕಿಸಿದ. ಅಪ್ಪ ಹಾಡಿದರು. ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಹಾಡು ಮುಗಿದೊಡನೆ ಅಪೆನಿಸಾ ನಿಲ್ಲಿಸಲು ಎದ್ದ. ಅಲ್ಲಿಂದಾಚೆ ಅಪ್ಪ ಕೆಮ್ಮುವುದನ್ನು ನೋಡಲು ಅವನಿಗೆ ಎಂದೂ ಎದೆ ಗಟ್ಟಿಯಾಗಿರಲಿಲ್ಲ.

"ತಡಿ ಭಾವ, ಇನ್ನೂ ಇದೆ," ವೈಸಾಲೆ ತೋಳು ಹಿಡಿದು ಕೂರಿಸಿದ.

ಪರದೆಯ ಮೇಲೆ ಅಪ್ಪ ಕೆಮ್ಮಿದರು. "ನರ್ಸಮ್ಮ, ಇದನ್ನೂ ಹಿಡಕೊಳಮ್ಮ. ಅಪೆನಿಸಾ, ನಿನ್ನೆ ವೈಸಾಲೆ ಬಂದಿದ್ದ. ನಿನ್ನ ದೊಡ್ಡ ಟಿವಿ ಬೇಕು, ಕೆರೆಕೆರೆ ಅಂದ. ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ ಮಗ. ಹೂಂ ಅಂದ್ಬಿಟ್ಟೆ."

ನಲವತ್ತು ಮುಖಗಳು ಅಪೆನಿಸಾನತ್ತ ತಿರುಗಿದವು.

"ಸಾಕ್ಷಿ ಇಲ್ವಲ್ಲ ಅಂತ ಇಷ್ಟು ದಿನ ಸುಮ್ನಿದ್ದೆ," ಎಂದ ವೈಸಾಲೆ. ಡಿಸ್ಕನ್ನು ಬಿಡಿಸಿ ಅಪೆನಿಸಾನ ಅಂಗೈಗಿಟ್ಟ. "ಇದು ನಿಂದೇ ಭಾವ, ಜೋಪಾನವಾಗಿಟ್ಕೋ."

ಆಮೇಲೆ ಟಿವಿಯನ್ನು ಹೆಗಲಿಗೇರಿಸಿಕೊಂಡು ಹೊರಟ.