ಗೋಡೆಯಾಚೆಯ ಗುದ್ದು

ಮನೆಯಲ್ಲೇ ಪಾಠ ಹೇಳೋರಿಗೆ ಪೇಚಾಟಕ್ಕೇನೂ ಬರ ಇಲ್ಲ. ಬಾಗಿಲು ತೆಗೆದರೆ ಸಾಕು, ಮಕ್ಕಳ ಹಿಂದೆ ಅದೂ ಚಪ್ಪಲಿ ಬಿಟ್ಟು ಒಳಗೆ ಬರುತ್ತೆ. ತೊಂಬತ್ತರ ದಶಕದಲ್ಲಿ ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಟೌನ್‌ಹೌಸಿನಲ್ಲಿ ಶನಿವಾರ ಶನಿವಾರ ಏಳು ಮಕ್ಕಳಿಗೆ ಸಂಗೀತ ಹೇಳಿಕೊಡ್ತಿದ್ದೆ. ಈಗ ನೆನೆಸಿಕೊಂಡ್ರೆ ನಗು ಬರುತ್ತೆ. ಕೊನೆಯ ಪೇಚಾಟಕ್ಕೆ ಮಾತ್ರ ನಗುವಿನ ಜೊತೆ ನಾಚಿಕೆಯೂ ಆಗುತ್ತೆ.

ಏಳು ಬರ್ತ್‌ಡೇ

ನಮ್ಮ ಕಾಲೊನಿಯ ಅಸೋಸಿಯೇಷನ್ನಿನಲ್ಲಿ ಮನೆಯೊಳಗೆ ವ್ಯಾಪಾರ ಮಾಡಬಾರದು ಅಂತ ರೂಲ್ ಇತ್ತು. ಅದನ್ನ ನೋಡಿಕೊಳ್ಳೋಕೆ ಒಬ್ಬ ರಿಟೈರ್ಡ್ ಅಂಕಲ್. ನಮ್ಮ ಬಾಗಿಲ ಮುಂದಿನ ಶೂ ರಾಶಿ ನೋಡಿ, "ಏನು ವಿಶೇಷ?" ಅಂದರು.

"ಬರ್ತ್‌ಡೇ ಪಾರ್ಟಿ" ಅಂದುಬಿಟ್ಟೆ. ಮುಂದಿನ ಶನಿವಾರವೂ ಬಂದರು. ಅವತ್ತೂ ಬರ್ತ್‌ಡೇನೇ. ಮೂರನೇ ಶನಿವಾರ ಪುಣ್ಯಾತ್ಮರು ಒಂದು ಕೇಕ್ ಹಿಡ್ಕೊಂಡೇ ಬಂದು, "ಇವತ್ತು ಯಾರದಮ್ಮಾ?" ಅಂತ ಕೇಳಿದರು.

ಕೇಕ್ ಕಂಡಿದ್ದೇ ತಡ, ಏಳೂ ಮಕ್ಕಳು ಕೈಯೆತ್ತಿದ್ವು.

ಅಂಕಲ್ ನಕ್ಕು, "ನನಗೇನೂ ಅಭ್ಯಂತರ ಇಲ್ಲ. ಆದರೆ ಪಕ್ಕದ ಮನೆಯವರು ಒಂದು ಕಂಪ್ಲೇಂಟ್ ಬರೆದರೂ ಕ್ಲಾಸ್ ಮುಚ್ಚಿಸಲೇಬೇಕಾಗುತ್ತೆ" ಅಂದರು. ಹೋಗೋವಾಗ ಒಂದು ತುಂಡು ಕೇಕನ್ನೂ ತಿಂದೇ ಹೋದರು.

ಒಂದು ಗುದ್ದು, ಬಿಟ್ಟು ಎರಡು

ಪಕ್ಕದ ಮನೆಯಲ್ಲಿದ್ದಿದ್ದು ಒಬ್ಬ ಒಂಟಿ ಅಮೆರಿಕನ್ ಅಜ್ಜಿ. ಅವರಿಗೂ ನಮಗೂ ನಡುವೆ ಒಂದೇ ಗೋಡೆ. ಹೊಸ ಬ್ಯಾಚಿಗೆ ಸರಿಗಮದ ಸರಳೆ ಪಾಠ ಶುರುಮಾಡಿ ಎರಡು ವಾರ ಆಗಿತ್ತು. ಮಕ್ಕಳು ಬಾಯಿ ತೆಗೆದ ಕೂಡಲೇ ಆ ಕಡೆಯಿಂದ ಢಬ್! ಸ್ವಲ್ಪ ಬಿಟ್ಟು ಢಬ್, ಢಬ್! ಹಾಡು ನಿಲ್ಲಿಸಿದರೆ ಗುದ್ದೂ ನಿಲ್ಲೋದು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಇನ್ನು ಕಂಪ್ಲೇಂಟ್ ಬಂದೇ ಬರುತ್ತೆ ಅಂದುಕೊಂಡೆ. ನಾಲ್ಕು ವರ್ಷ ಮನೇಲಿ ಸುಮ್ಮನೆ ಕೂತು ಬೇಜಾರಾಗಿದ್ದವಳಿಗೆ ಆ ಏಳು ಮಕ್ಕಳೇ ಜೀವ. ಕ್ಲಾಸ್ ಹೋದರೆ ನನಗಿನ್ನೇನು ಉಳೀತು? ಅಜ್ಜಿಯನ್ನ ಒಲಿಸಿಕೊಳ್ಳೋಣ ಅಂತ ಒಂದು ಡಬ್ಬಿ ಬಿಸಿಬೇಳೆಭಾತ್ ಕೊಟ್ಟುಬಂದೆ. ಡಬ್ಬಿ ವಾಪಸ್ ತಂದಾಗ ಅವರ ಕಣ್ಣು ಮೂಗು ಎಲ್ಲಾ ಕೆಂಪು. "ತುಂಬಾ... ಇಂಟರೆಸ್ಟಿಂಗ್" ಅಂದರು. ಇನ್ನೂ ಏನೋ ಹೇಳೋಕೆ ಬಾಯಿ ತೆಗೆದರು. ಕಂಪ್ಲೇಂಟೇ ಇರಬೇಕು ಅಂತ ನಾನು "ಥ್ಯಾಂಕ್ಯೂ" ಅಂದು ಬಾಗಿಲು ಹಾಕಿಕೊಂಡೆ.

ನನ್ನ ಶಿಷ್ಯೆ ಒಬ್ಬಳು, ಮಹಾ ಬಾಯಿಬಡುಕಿ, ಬೇಗ ಬಂದು ಅಜ್ಜಿ ಮನೆ ಮೆಟ್ಟಿಲ ಮೇಲೆ ಕೂತಿರ್ತಿದ್ದಳು. "ಅಲ್ಲೇನೇ ಮಾಡ್ತೀಯಾ?" ಅಂದರೆ, "ಜಸ್ಟ್ ಟಾಕಿಂಗ್, ಆಂಟಿ" ಅನ್ನೋಳು. ಅವಳನ್ನೂ ಗದರಿಸಿ ಅಲ್ಲಿ ಕೂರೋದು ಬಿಡಿಸಿದೆ.

ಡ್ರೈಯರ್ ಶ್ರುತಿ

ಮುಂದಿನ ವಾರ ಕ್ಲಾಸನ್ನ ಬೇಸ್‌ಮೆಂಟಿಗೆ ಇಳಿಸಿದೆ. ಮೈಸೂರಿಂದ ತಂದ ಶ್ರುತಿಪೆಟ್ಟಿಗೆ ಇಲ್ಲಿನ ಕರೆಂಟಿಗೆ ಜ್ವರ ಬಂದವರ ಹಾಗೆ ನರಳ್ತಿತ್ತು. ಪಕ್ಕದಲ್ಲೇ ಬಟ್ಟೆ ಒಣಗಿಸೋ ಡ್ರೈಯರ್ ಮಾತ್ರ ಒಂದೇ ಸಮನೆ ಗುಂಯ್ ಅನ್ನೋದು. ಮಕ್ಕಳು ಅದರ ಶ್ರುತಿಯನ್ನೇ ಹಿಡಿದವು. ನಮ್ಮೆಜಮಾನ್ರು ಇಣುಕಿ, "ಎಲ್ಲರಿಗಿಂತ ಅದೇ ಚೆನ್ನಾಗಿ ಹಾಡ್ತಿದೆ ಕಣೇ" ಅಂದರು. ಪಾಠ ನಡೀಲಿ ಅಂತ ಪ್ರತಿ ಶನಿವಾರ ಒಣಗಿದ ಬಟ್ಟೆಯನ್ನೇ ಮತ್ತೆ ಒಣಗಿಸಿದೆ. ಅವರ ಎರಡು ಪ್ಯಾಂಟ್ ಮೊಣಕಾಲಿಗೆ ಬಂದು ನಿಂತವು.

ಗುದ್ದೇನೋ ನಿಂತಿತು. ನಾನು ಗೆದ್ದೆ ಅಂದುಕೊಂಡೆ. ಎರಡು ವರ್ಷ ಅಜ್ಜಿ ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋದೆ.

ನಾಲ್ಕನೇ ಸರಳೆ

ಆಮೇಲೆ ನಮ್ಮೆಜಮಾನ್ರಿಗೆ ಬೇರೆ ರಾಜ್ಯದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಡರ್ಹಮ್ಮಿಗೆ ಹೊರಡೋ ದಿನ ಟ್ರಕ್ ತುಂಬಿಸಿ ಆಗಿದೆ, ಅಜ್ಜಿ ಬನಾನಾ ಬ್ರೆಡ್ ಹಿಡ್ಕೊಂಡು ಬಂದರು.

"ಒಂದು ಕೇಳಲಾ? ಹಾಡಿಸೋದನ್ನ ಯಾಕೆ ನಿಲ್ಲಿಸಿಬಿಟ್ರಿ?"

"ನಿಲ್ಲಿಸ್ಲಿಲ್ಲ, ಕೆಳಗೆ ಇಳಿಸಿದೆ. ನಿಮಗೆ ತೊಂದರೆ ಅಂತ. ನೀವು ಗೋಡೆ ಗುದ್ದುತ್ತಿದ್ದಿರಲ್ಲ..."

ಅಜ್ಜಿ ಪಿಳಿಪಿಳಿ ನೋಡಿದರು. ಆಮೇಲೆ ಅಂಗೈಯಿಂದ ಟ್ರಕ್ಕಿಗೆ ಒಂದು ಏಟು ಹಾಕಿ, ಬೆರಳು ಮೂರು ಎಣಿಸಿ, ಮತ್ತೆ ಏಟು, ಕೈ ತಿರುವಿ, ಮತ್ತೆ ಏಟು ಹಾಕಿ, ಮತ್ತೆ ತಿರುವಿದರು.

ಆದಿತಾಳ!

"ಆ ಮೆಟ್ಟಿಲ ಹುಡುಗಿ ಕಲಿಸಿದ್ದು. ಮಕ್ಕಳು ಐದನೇ ಎಣಿಕೆಗೆ ತಾಳ ಬಿಟ್ಟು ಮುಂದೆ ಓಡ್ತಿದ್ವು, ಅದಕ್ಕೇ ಅಲ್ಲಿ ಜೋರಾಗಿ ಹಾಕ್ತಿದ್ದೆ."

ಓಡ್ತಿದ್ದಿದ್ದು ನಿಜ. ಅಯ್ಯೋ ನನ್ನ ಕರ್ಮವೇ, ತಾಳ ಕಲಿಸೋ ಟೀಚರ್ರಿಗೇ ತಾಳ ಕೇಳಿಸಲಿಲ್ಲ! ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. "ಕ್ಷಮಿಸಿ" ಅಂದೆ.

"ಮೂರನೇ ಸರಳೆಗೇ ನಿಂತುಹೋಯ್ತು ನೋಡಿ" ಅಂದರು ಅಜ್ಜಿ. "ನಾಲ್ಕನೆಯದು ಹೇಗೆ?"

ಟ್ರಕ್ ಪಕ್ಕದಲ್ಲೇ ನಿಂತು ಹೇಳಿಕೊಟ್ಟೆ. ಸರಿಗಮ ಸರಿ ಗಮ. ಅಳು, ಅವಸರ ಎರಡೂ ಸೇರಿ ಐದನೇ ಎಣಿಕೆಗೆ ನಾನೇ ಓಡಿದೆ. ಅಜ್ಜಿ ಬಿಡ್ತಾರಾ? ಟ್ರಕ್ಕಿಗೆ ಢಬ್ ಅಂತ ಗುದ್ದಿದರು.

ಮುಂದುಗಡೆಯಿಂದ ಡ್ರೈವರ್ ಗಾಬರಿಯಾಗಿ ಓಡಿ ಬಂದ.

"ಏನಾಯ್ತು ಮ್ಯಾಮ್? ಏನಾದರೂ ಕಂಪ್ಲೇಂಟಾ?"