ಮಾವನ ನಿದ್ದೆ, ಮಾಮಿಯ ಕಾವಲು

ಡಬ್ಬಿಯ ಮೇಲಿನ ಸೂಚನೆ ಓದಿ ಗುಳಿಗೆ ನುಂಗುವ ಮನೆಗಳಲ್ಲಿ ಇಂಥವು ನಡೆಯುವುದಿಲ್ಲ. ನಮ್ಮಲ್ಲಿ ಓದುವ ಪದ್ಧತಿಯಿಲ್ಲ, ಹಾಗಾಗಿ ಬಿಡುವೂ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಪುಣೆಯಲ್ಲಿ ಸೀರೆ ಅಂಗಡಿಯಿಟ್ಟಿದ್ದ ನನ್ನ ಸೋದರಮಾವನಿಗೆ ರಾತ್ರಿ ನಿದ್ದೆ ಹಾರಿಹೋಯಿತು. ಅಮೇರಿಕ ಸುತ್ತಿಬಂದ ಗಿರಾಕಿಯೊಬ್ಬರು ಮೆಲಟೋನಿನ್ ಎಂಬ ನಿದ್ದೆಗುಳಿಗೆಯ ಡಬ್ಬಿ ತಂದುಕೊಟ್ಟರು. ಆಗ ನಾನು ಮಾವನ ಮನೆಯಲ್ಲೇ ಇದ್ದೆ.

ಔಷಧಿಯೇ ಅಲ್ಲ

“ಇದು ಔಷಧಿ ಅಲ್ಲೋ, ನಿದ್ದಿ ತರೋ ರಸ. ಮೈಯಾಗ ತಾನ ಹುಟ್ಟತದ” ಎಂದರು ಮಾವ.

“ಪಿತ್ತನೂ ಮೈಯಾಗ ಹುಟ್ಟತದ” ಎಂದೆ.

ಮಾಮಿ ಕೇಳಿದಳು: “ಬಿ.ಪಿ. ಗುಳಿಗಿ ಜೋಡಿ ನಡೀತದೋ ಇಲ್ಲೋ, ಡಾಕ್ಟರಿಗೆ ಕೇಳಿದ್ರೇನು?”

“ಕೇಳೋದೇನದ? ಅಮೇರಿಕಾದಾಗ ಕಿರಾಣಿ ಅಂಗಡ್ಯಾಗ ಸಿಗತದ.”

“ನಮ್ಮ ಕಿರಾಣಿ ಅಂಗಡ್ಯಾಗ ಇಲಿ ಪಾಷಾಣನೂ ಸಿಗತದರೀ.”

ಸ್ಕೂಟರ್ ಕೀಲಿ

ಆದರೂ ಮಾವ ಸಂಜೆ ಊಟ ಮುಗಿಸಿ ಒಂದು ನುಂಗಿದರು. ಆಮೇಲೆ ಊರಂಚಿನ ಕೊಂಢವಾ ಬಡಾವಣೆಗೆ ಒಂದು ಸೀರೆ ಮುಟ್ಟಿಸುವುದಿದೆಯೆಂದು ನೆನಪಾಯಿತು. ಅಷ್ಟರಲ್ಲಿ ಸ್ಕೂಟರ್ ಕೀಲಿ ಮಾಮಿಯ ಸೊಂಟದಲ್ಲಿತ್ತು.

“ನಿದ್ದಿ ಇನ್ನೂ ಬಂದಿಲ್ಲಲೇ!”

“ಬಂದದ್ದು ಡಾಂಬರಿನ ಮ್ಯಾಲ ಗೊತ್ತಾಗಬೇಕೇನು? ರಿಕ್ಷಾದಾಗ ಹೋಗ್ರಿ.”

ಮಾವ ಬೈಯುತ್ತ ಹೋದರು. ಸ್ವಲ್ಪ ಹೊತ್ತಿಗೆ ಅದೇ ರಿಕ್ಷಾದವನು ಬಾಗಿಲ ಗಂಟೆ ಬಾರಿಸಿದ. ಹಿಂದಿನ ಸೀಟಿನಲ್ಲಿ ಮಾವ ಸೀರೆಯನ್ನು ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿದರೆ ಕಣ್ಣುಜ್ಜಿ, “ನೋಡಿದಿ? ಗುಳಿಗಿ ಭಾಳ ಚಲೋ ಅದ!” ಎಂದರು.

ನಾನು ಸುಲಭಕ್ಕೆ ಯಾರನ್ನೂ ಮೆಚ್ಚುವವನಲ್ಲ. ಮಾಮಿ ಬೇರೆ ದಾರಿ ಬಿಡಲಿಲ್ಲ.

ಒಂದರಿಂದ ನಾಲ್ಕು

ಮರುದಿನ ಮಾಮಿ ಗಂಡನನ್ನೂ ಡಬ್ಬಿಯನ್ನೂ ಡಾಕ್ಟರ ಮುಂದೆ ಕೂರಿಸಿದಳು. ಬಿ.ಪಿ. ಗುಳಿಗೆಯ ಜೊತೆ ಇದನ್ನು ಕೇಳದೆ ಬೆರೆಸಬಾರದು ಎಂದು ಗದರಿದ ಡಾಕ್ಟರು, “ಹಗಲು ಮಲಗ್ತೀರೇನು?” ಎಂದು ಕೇಳಿದರು.

“ಇಲ್ರಿ. ಒಂದರಿಂದ ನಾಲ್ಕು ಓಣ್ಯಾಗಿನ ಅಂಗಡಿ ಎಲ್ಲಾ ಬಂದ್ ಇರತಾವ, ಆವಾಗ ಅಷ್ಟ.”

“ಮೂರು ತಾಸು ಮಲಗಿದರ ರಾತ್ರಿ ನಿದ್ದಿ ಎಲ್ಲಿಂದ ಬರಬೇಕ್ರಿ?”

“ಅದು ನಿದ್ದಿ ಅಲ್ರಿ, ಪುಣೆದ ಪದ್ಧತಿ.”

ಡಬ್ಬಿ ಮಾಮಿಯ ಕಪಾಟು ಸೇರಿತು. ಅಂದಿನಿಂದ ಮಧ್ಯಾಹ್ನವೂ ಅಂಗಡಿ ತೆರೆದಿರಬೇಕೆಂದು ಅವಳ ಅಪ್ಪಣೆಯಾಯಿತು. ಆ ಹೊತ್ತಿನಲ್ಲಿ ಬಾಗಿಲು ತೆರೆದದ್ದು ಕಂಡು, ವ್ಯಾಪಾರ ಕೆಟ್ಟಿತೆಂದುಕೊಂಡ ಓಣಿಯ ವ್ಯಾಪಾರಿಗಳು ಬಂದು, ಅಂಗಡಿ ಮಾರಾಟಕ್ಕಿದೆಯೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಒಂದು ವಾರಕ್ಕೆ ಮಾವನಿಗೆ ಗುಳಿಗೆಯಿಲ್ಲದೆ ರಾತ್ರಿ ನಿದ್ದೆ ಬರತೊಡಗಿತು. ಡಾಕ್ಟರಿಗಿಂತ ಮಾಮಿಗೇ ಫೀಸು ಸಲ್ಲಬೇಕಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ದೂರದ ನಿಗಡಿ ಬಡಾವಣೆಯಿಂದ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಬಂದು ಇಳಕಲ್ ಸೀರೆ ಕೇಳಿದಳು. ಗಾದಿಯ ಮೇಲೆ ಕಣ್ಣು ಬಿಟ್ಟುಕೊಂಡು ಕೂತಿದ್ದ ಮಾವ ಅಲುಗಾಡಲಿಲ್ಲ.

“ನಾಲ್ಕರ ಮ್ಯಾಲ ಬರ್ರಿ.”

“ಅಂಗಡಿ ತಗದೇ ಅದಲ್ರಿ!”

“ತಗದದ್ದು ನನ್ನ ನಿದ್ದಿ ಸಲುವಾಗಿ, ತಂಗಿ. ವ್ಯಾಪಾರ ನಾಲ್ಕಕ್ಕ.”